ಉಸಿರಾಟದ ತೊಂದರೆ: ಇಲ್ಲ

ಅಮೆರಿಕಕ್ಕೆ ಬಂದು ನಾನು ಮೊದಲು ಕಲಿತ ವಿದ್ಯೆ ಕಾರು ಓಡಿಸುವುದಲ್ಲ, ಫಾರಂ ತುಂಬುವುದು. ತೊಂಬತ್ತರ ದಶಕದ ಆರಂಭದಲ್ಲಿ ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನಲ್ಲಿ ಎರಡು ರೂಮಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಐದು ಜನ ಇದ್ದೆವು. ಎಲ್ಲರೂ ಬೆಂಗಳೂರು, ಮೈಸೂರು ಕಡೆಯವರು. ಎಲ್ಲರೂ ಕೆಲಸದ ವೀಸಾದ ಮೇಲೆ ಬಂದ ಪ್ರೋಗ್ರಾಮರುಗಳು. ನಮ್ಮಲ್ಲೊಬ್ಬ ಮಿಕ್ಕವರಿಗಿಂತ ಹದಿನಾಲ್ಕು ತಿಂಗಳು ಮೊದಲು ಬಂದಿದ್ದ. ಅಷ್ಟಕ್ಕೇ ಅವನು ನಮಗೆಲ್ಲ ಗುರು. ಅವನ ಉಪದೇಶ ಒಂದೇ: “ನೋಡಪ್ಪಾ, ಯಾವ್ ಫಾರಂ ಕೊಟ್ರೂ ಓದೋಕ್ ಹೋಗ್ಬೇಡ. ಓದಿದ್ರೆ ಡೌಟ್ ಬರತ್ತೆ. ಎಲ್ಲಾದಕ್ಕೂ ನೋ ಹಾಕು, ಕೆಳಗೆ ಸೈನ್ ಮಾಡು, ಕೊಟ್ಟು ಬಾ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ವೀಸಾ ಕಾಗದಗಳ ಪ್ರಶ್ನೆಗಳೇ ಹಾಗಿರುತ್ತಿದ್ದವು. ಮಾದಕ ವಸ್ತು ಸಾಗಿಸಿದ್ದೀರಾ? ಜೈಲು ಕಂಡಿದ್ದೀರಾ? ಅಂಟುರೋಗವಿದೆಯೇ? ಮರ್ಯಾದಸ್ಥ ಮನುಷ್ಯ ನೋ ಅನ್ನದೆ ಇನ್ನೇನು ಅಂದಾನು! ವರ್ಷ ಕಳೆದಂತೆ ಕೈಗೇ ಅದು ರೂಢಿಯಾಯಿತು. ಒಂದು ಸಲ ಹಲ್ಲಿನ ಡಾಕ್ಟರ ಹತ್ತಿರ ದವಡೆ ಊದಿಸಿಕೊಂಡು ಹೋದವನು, ‘ಹಲ್ಲುನೋವಿದೆಯೇ’ ಎಂಬುದಕ್ಕೂ ನೋ ಹಾಕಿ ಕೊಟ್ಟಿದ್ದೆ. ಆಕೆ ಕಾಗದ ನೋಡಿ, ನನ್ನ ಮುಖ ನೋಡಿ, ಹಾಗಾದರೆ ಬಂದದ್ದೇಕೆ ಎಂದು ಕೇಳಿದಳು. ಇಬ್ಬರೂ ನಕ್ಕೆವು. ನಗದೆ ಎಚ್ಚೆತ್ತುಕೊಳ್ಳಬೇಕಾಗಿದ್ದ ದಿನ ಅದು.

ಆಮೇಲೆ ನನ್ನ ಕೆಲಸ ಮೇರಿಲ್ಯಾಂಡಿನ ಜರ್ಮನ್‌ಟೌನ್‌ಗೆ ಬಂತು. ಮದುವೆಯಾಯಿತು. ಗ್ರೀನ್ ಕಾರ್ಡಿಗೆ ಅರ್ಜಿ ಹೋಯಿತು. ಆ ಅರ್ಜಿ ಒಳಗಿರುವಷ್ಟು ಕಾಲ ಮನುಷ್ಯ ಬೆಕ್ಕಿನ ಹಾಗೆ ನಡೆಯುತ್ತಾನೆ. ಪಾರ್ಕಿಂಗ್ ತಪ್ಪಿಗೆ ದಂಡದ ಟಿಕೆಟ್ ಬಂದರೂ ಎದೆ ಹೊಡೆದುಕೊಳ್ಳುತ್ತದೆ. ಯಾವ ಕಾಗದದ ಮೇಲೆ ಹಾಕಿದ ಯಾವ ಗುರುತು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಹೆದರಿಕೆ. ಆ ಹೊತ್ತಿಗೆ ಸರಿಯಾಗಿ ಅಪ್ಪ ಮೈಸೂರಿನಿಂದ ಆರು ತಿಂಗಳಿಗೆಂದು ಬಂದರು. ಅಮ್ಮ ಹೋಗಿ ಬಹಳ ವರ್ಷವಾಗಿತ್ತು.

ಅಪ್ಪ ರೈಲ್ವೆಯಲ್ಲಿ ಉಗಿ ಇಂಜಿನ್ನಿನ ಫೈರ್‌ಮನ್ ಆಗಿದ್ದವರು. ಡ್ರೈವರ್ ಪಕ್ಕದಲ್ಲಿ ನಿಂತು ಸಲಿಕೆಯಲ್ಲಿ ಕಲ್ಲಿದ್ದಲು ಎತ್ತಿ ಬೆಂಕಿಯ ಬಾಯಿಗೆ ಹಾಕುವ ಕೆಲಸ. ಡ್ರೈವರ್ ಆಗುವ ಅವಕಾಶ ಬಂದಾಗಲೂ ಒಂದೆರಡು ಸಲ ಬೇಡವೆಂದರಂತೆ. ಬೆಂಕಿಯ ಬಣ್ಣ ನೋಡಿ ಇಂಜಿನ್ನಿಗೆ ಇನ್ನೆಷ್ಟು ದಮ್ಮಿದೆ ಎಂದು ಹೇಳುತ್ತಿದ್ದರು. ಡೀಸೆಲ್ ಬಂದ ಮೇಲೆ ರಿಟೈರಾದರು. ಆಮೇಲೆ ಅವರಿಗೆ ಯಾವುದರ ಮೇಲೂ ಅಷ್ಟು ಆಸೆ ಇದ್ದದ್ದನ್ನು ನಾನು ಕಾಣೆ. ನಮ್ಮ ಮನೆಯಲ್ಲೂ ಸೋಫಾದ ತುದಿಯಲ್ಲಿ, ಎಲ್ಲೋ ಇಳಿಯಬೇಕಾದವರ ಹಾಗೆ ಕೂತಿರುತ್ತಿದ್ದರು.

ಒಂದು ಮಧ್ಯಾಹ್ನ ಟಿವಿಯಲ್ಲಿ ಹವಾಯಿ ದ್ವೀಪದ ಬೆಂಕಿಬೆಟ್ಟ ತೋರಿಸಿದರು. ನಾನು ಆಫೀಸಿನಿಂದ ಬರುವಾಗ ಅಪ್ಪ ಟಿವಿಗೆ ಒಂದು ಮೊಳ ದೂರದಲ್ಲಿ ನಿಂತಿದ್ದರು.

“ಲೋ, ಇದಕ್ಕೆ ಕಲ್ಲಿದ್ದಲು ಹಾಕೋರು ಯಾರೂ ಇಲ್ವೇನೋ?”

“ಯಾರ್ ಹಾಕ್ತಾರಪ್ಪಾ? ಅದು ಭೂಮಿ ಒಳಗಿಂದ ಬರತ್ತೆ.”

“ಎಷ್ಟು ವರ್ಷದಿಂದ ಉರೀತಿದೆಯಂತೆ?”

“ನೀವು ನಾನು ಹುಟ್ಟೋಕ್ ಮುಂಚಿಂದ.”

“ಶಿವ ಶಿವಾ! ಒಂದ್ ಸಲ ಹತ್ರ ನಿಂತ್ಕೊಂಡು ನೋಡ್ಬೇಕಲ್ಲೋ ಇದನ್ನ.”

ಅಪ್ಪ ನನ್ನನ್ನು ಏನನ್ನಾದರೂ ಕೇಳಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ಅಲ್ಲಿಂದ ತಿಂಗಳುಗಟ್ಟಲೆ ರಿಮೋಟು ಅವರ ಕೈಯಲ್ಲೇ. ಆ ಬೆಟ್ಟ ಮತ್ತೆ ಬರುತ್ತದೇನೋ ಎಂದು ಚಾನೆಲ್ ತಿರುಗಿಸಿದ್ದೇ ತಿರುಗಿಸಿದ್ದು. ನನಗೆ ದೇಶ ಬಿಟ್ಟು ಹೊರಗೆ ಹೋಗುವಂತಿರಲಿಲ್ಲ. ಹೋದರೆ ವಾಪಸ್ ಬರಲು ಮತ್ತೆ ವೀಸಾ ಸ್ಟಾಂಪಿಂಗಿನ ತಲೆನೋವು. ಹವಾಯಿಯಾದರೆ ಸಮುದ್ರ ದಾಟಿದರೂ ಅಮೆರಿಕವೇ. ಹೋಗೋಣ ಎಂದೆ.

ಅಭ್ಯಾಸವಾಗಲೆಂದು ಎರಡು ಭಾನುವಾರ ಮನೆಗೆ ಹತ್ತಿರದ ಶುಗರ್‌ಲೋಫ್ ಗುಡ್ಡಕ್ಕೆ ಕರೆದುಕೊಂಡು ಹೋದೆವು. ಗುಡ್ಡ ಅನ್ನುವುದು ಮರ್ಯಾದೆಗೆ. ನಮ್ಮ ಚಾಮುಂಡಿಬೆಟ್ಟದ ಮುಂದೆ ಅದೇನೂ ಅಲ್ಲ. ಅಪ್ಪ ಹತ್ತು ಹೆಜ್ಜೆಗೊಮ್ಮೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಕೆಳಗಿನ ಹೊಲ ನೋಡುತ್ತಿದ್ದರು. “ಚೆನ್ನಾಗಿದೆ ಕಣೋ ಈ ಜಾಗ” ಎನ್ನುತ್ತಿದ್ದರು. ಕಾರಿನಲ್ಲಿ ಬರುವಾಗ ಅಪ್ಪ ಹಿಂದಿನ ಸೀಟಿನಲ್ಲಿ ನಿದ್ದೆಹೋದರು. ಹೆಂಡತಿ ಮೆಲ್ಲಗೆ ಹೇಳಿದಳು:

“ಮಾವ ವ್ಯೂ ನೋಡ್ತಿರ್ಲಿಲ್ಲ ರೀ. ಉಸಿರು ತಗೋತಿದ್ರು.”

“ವಯಸ್ಸಾಯ್ತಲ್ಲೇ.”

“ರಾತ್ರಿ ದಿಂಬು ಎರಡಿಟ್ಕೊಂಡು ಮಲಗ್ತಾರೆ. ಎದೇಲಿ ಸೀಟಿ ಹೊಡೆದ ಹಾಗೆ ಸದ್ದು ಬರತ್ತೆ. ಒಂದ್ಸಲ ಡಾಕ್ಟ್ರಿಗೆ ತೋರಿಸಿ ಆಮೇಲೆ ಟಿಕೆಟ್ ಬುಕ್ ಮಾಡಿ.”

ನನಗೆ ಸಿಟ್ಟು ಬಂತು. ಸರಿಯಾದ ಮಾತಿಗೆ ಸಿಟ್ಟು ಬೇಗ ಬರುತ್ತದೆ. ಮನೆಗೆ ಬಂದೊಡನೆ, ತರಿಸಿಕೊಂಡಿದ್ದ ಬ್ರೋಷರ್ ಅವಳ ಮುಂದಿಟ್ಟೆ. ಬೆಂಕಿ ಹರಿಯುವ ಕಡೆಗಲ್ಲ, ಬೆಟ್ಟದ ಸದ್ದಿಲ್ಲದ ಇಳಿಜಾರಿನ ಕಡೆ ಗೈಡ್ ಜೊತೆ ನಿಧಾನವಾಗಿ ನಡೆಸಿಕೊಂಡು ಹೋಗುವ ಪ್ರವಾಸ. ಕಾಡು, ಹಳೆಯ ಲಾವಾ, ಅಲ್ಲಲ್ಲಿ ನೆಲದಿಂದೇಳುವ ಹಬೆ. ಸಂಜೆಗೆ ಒಂದು ದಿಬ್ಬದ ಮೇಲಿಂದ ದೂರದ ಬೆಂಕಿ ಕಂಡರೂ ಕಾಣಬಹುದು. ವಯಸ್ಸಾದವರೂ ಬರಬಹುದು ಎಂದು ಬರೆದಿತ್ತು. “ಇನ್ನೇನ್ ಬೇಕು?” ಎಂದೆ. ಅವಳು ಬ್ರೋಷರ್ ಮಡಚಿಟ್ಟು ಅಡುಗೆಮನೆಗೆ ಹೋದಳು.

ಹವಾಯಿಯಲ್ಲಿ ನಮ್ಮ ಗೈಡ್ ಅರವತ್ತರ ಹತ್ತಿರದ ಸ್ಥಳೀಯ ಮನುಷ್ಯ. ಭಾರಿ ಮೈ, ಹುಲ್ಲಿನ ಟೋಪಿ, ಅವಸರವೇ ಇಲ್ಲದ ಮಾತು. ನಮ್ಮ ಗುಂಪಿನಲ್ಲಿ ಒಂಬತ್ತು ಜನ. ಬೆಳಿಗ್ಗೆ ಅವನ ಷೆಡ್ಡಿನಲ್ಲಿ ಎಲ್ಲರಿಗೂ ಒಂದೊಂದು ಫಾರಂ ಕೊಟ್ಟ. ಅಪ್ಪ ತಮ್ಮದನ್ನು ನನ್ನ ಕಡೆ ತಳ್ಳಿದರು. ಹೃದ್ರೋಗ, ರಕ್ತದೊತ್ತಡ, ಉಸಿರಾಟದ ತೊಂದರೆ, ಮೂರ್ಛೆ, ಮಂಡಿನೋವು. ನಾನು ಮೇಲಿಂದ ಕೆಳಗಿನವರೆಗೆ ನೋ, ನೋ, ನೋ ಎಂದು ಗೀಚುತ್ತ ಹೋದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಇಷ್ಟು ವರ್ಷದ ಮೇಲೆ ಕೂತು ಕೇಳಿಕೊಂಡರೆ ಅದು ಬರೀ ಕೈಯ ರೂಢಿಯಾಗಿತ್ತು ಎಂದು ಹೇಳಲಾರೆ. ಮೂರನೆಯ ಪ್ರಶ್ನೆಯ ಹತ್ತಿರ ಪೆನ್ನು ಒಂದು ಕ್ಷಣ ನಿಂತಿತ್ತು. ಹೌದು ಅಂದರೆ ಬರಬೇಡಿ ಅನ್ನುತ್ತಾನೆ, ಅಪ್ಪ ಈ ಷೆಡ್ಡಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂರಬೇಕಾಗುತ್ತದೆ ಎಂದು ಲೆಕ್ಕ ಹಾಕಿದೆ. ಆಮೇಲೆ ನೋ ಹಾಕಿದೆ. ಹೆಂಡತಿ ಭುಜದ ಹಿಂದಿನಿಂದ ನೋಡುತ್ತಿದ್ದಳು. ಅವಳೂ ಬಾಯಿ ಬಿಡಲಿಲ್ಲ.

ಕಾಡು ಹೊಗುವ ಮುಂಚೆ ಗೈಡ್ ಎಲ್ಲರನ್ನೂ ನಿಲ್ಲಿಸಿ, ಟೋಪಿ ತೆಗೆದು, ಬೆಟ್ಟದ ಅಪ್ಪಣೆ ಕೇಳಿಕೊಂಡ. ಮಿಕ್ಕವರು ತಲೆ ಬಗ್ಗಿಸಿ ಸುಮ್ಮನೆ ನಿಂತರು. ಅಪ್ಪ ಮಾತ್ರ ಬಗ್ಗಿ ಆ ಕಪ್ಪು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಡ್ಯೂಟಿಗೆ ಹತ್ತುವಾಗ ಇಂಜಿನ್ನಿಗೆ ಹಾಗೆ ಮಾಡುತ್ತಿದ್ದದ್ದನ್ನು ಚಿಕ್ಕವನಿದ್ದಾಗ ನೋಡಿದ್ದೆ. ಗೈಡ್ ಅದನ್ನು ಗಮನಿಸಿದ. ಅಲ್ಲಿಂದ ಅಪ್ಪನನ್ನು ತನ್ನ ಹಿಂದೆಯೇ ನಡೆಸಿಕೊಂಡ.

ಮೊದಲ ಒಂದು ಗಂಟೆ ಸುಖವಾಗಿತ್ತು. ಆಳೆತ್ತರದ ಜರೀಗಿಡಗಳು, ಕೆಂಪು ಕುಚ್ಚಿನಂಥ ಹೂವಿನ ಮರಗಳು. ಆಮೇಲೆ ಕಾಡು ಮುಗಿದು ಲಾವಾ ಬಯಲು. ಒಂದು ಕಡೆ ಅದು ಹಗ್ಗ ಸುತ್ತಿಟ್ಟ ಹಾಗೆ ನುಣ್ಣಗೆ ಹೆಪ್ಪುಗಟ್ಟಿತ್ತು, ಇನ್ನೊಂದು ಕಡೆ ಒಡೆದ ಇಟ್ಟಿಗೆಯ ಹಾಗೆ ಚೂರುಚೂರು. ಅಪ್ಪ ಒಂದು ಚೂರೆತ್ತಿ ತೂಗಿ ನೋಡಿ, “ಅಪ್ಪಟ ಕಿಟ್ಟ ಕಣೋ ಇದು. ನಮ್ಮ ಫೈರ್‌ಬಾಕ್ಸ್ ಒಳಗೆ ಹಿಂಗೇ ಕಟ್ಕೋತಿತ್ತು. ಕಬ್ಬಿಣದ ಸಲಾಕೆ ಹಾಕಿ ಎಬ್ಬಿಸ್ತಿದ್ವಿ” ಎಂದರು. ನಾನು ಅದನ್ನು ಗೈಡಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಅಪ್ಪನ ಬೆನ್ನು ತಟ್ಟಿದ. ಅಪ್ಪ ಅಷ್ಟು ಗೆಲುವಾಗಿದ್ದದ್ದನ್ನು ನೋಡಿ ಹೆಂಡತಿಗೆ ಕಣ್ಣಲ್ಲೇ ‘ನೋಡಿದ್ಯಾ’ ಎಂದೆ. ಮೂರ್ಖ ನಾನು.

ಮಧ್ಯಾಹ್ನ ದಾಟುವಾಗ ಗಾಳಿ ತಿರುಗಿತು. ಸಾಮಾನ್ಯವಾಗಿ ಬೆಂಕಿಯ ಹೊಗೆ ಈ ಇಳಿಜಾರಿಗೆ ಬರುವುದಿಲ್ಲವಂತೆ, ಗಾಳಿ ಅದನ್ನು ಸಮುದ್ರದ ಕಡೆ ಒಯ್ಯುತ್ತದಂತೆ. ಅವತ್ತು ಮೊದಲು ಬೆಂಕಿಕಡ್ಡಿ ಗೀರಿದ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಕಣ್ಣು ಉರಿಯತೊಡಗಿತು. ಗೈಡ್ ನಿಂತ. ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ನಮ್ಮ ಫಾರಂಗಳನ್ನು ತೆಗೆದು ಒಂದೊಂದಾಗಿ ನೋಡಿದ. ಹಿಂದಕ್ಕೂ ಮುಂದಕ್ಕೂ ದಾರಿ ಒಂದೇ ದೂರ, ಗಟ್ಟಿಮುಟ್ಟಾದವರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮುಂದಕ್ಕೆ ಬೇಗ ದಾಟಿಬಿಡಬಹುದು ಎಂದ. ಯಾರಿಗಾದರೂ ಉಸಿರಿನ ತೊಂದರೆಯಿದ್ದರೆ ಇಲ್ಲೇ ನಿಲ್ಲಿಸಿ ಈಗಲೇ ಜೀಪ್ ಕರೆಸುತ್ತೇನೆ, ಪಕ್ಕದಲ್ಲೇ ಕಾಡು ಕಾಯುವವರ ಜೀಪ್ ದಾರಿಯಿದೆ ಎಂದ. ಕಾಗದದಲ್ಲಿ ಯಾರೂ ಬರೆದಿಲ್ಲ, ಆದರೂ ಕೇಳುತ್ತಿದ್ದೇನೆ, ಎಂದು ಎಲ್ಲರ ಮುಖ ನೋಡಿದ.

ಅಪ್ಪನಿಗೆ ಇಂಗ್ಲಿಷ್ ಅರ್ಥವಾಗುತ್ತಿತ್ತು. ನನ್ನ ಕಡೆ ತಿರುಗಿ, ತುಟಿ ಅಲ್ಲಾಡಿಸದ ಹಾಗೆ, “ಇಲ್ಲ ಅನ್ನು” ಎಂದರು.

ನಾನು ಇಲ್ಲ ಅನ್ನಲೂ ಇಲ್ಲ, ಹೌದು ಅನ್ನಲೂ ಇಲ್ಲ. ಗೈಡ್ ಕಾಗದಗಳನ್ನು ಕವರಿಗೆ ಹಾಕಿ ಹೊರಟ.

ಇನ್ನೂರು ಹೆಜ್ಜೆ ಹೋಗಿರಬೇಕು. ಅಪ್ಪ ನಿಂತರು. ಸೊಂಟದ ಮೇಲೆ ಕೈಯಿಟ್ಟು ದೂರ ನೋಡಿದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಬೂದುಬಣ್ಣದ ಹೊಗೆಯಷ್ಟೇ. ಆಮೇಲೆ ಮಂಡಿ ಮಡಿಸಿ ಕೂತುಬಿಟ್ಟರು. ಭುಜ ಏಳುತ್ತಿತ್ತು, ಬೀಳುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗಿತ್ತು. ಹೆಂಡತಿ “ಮಾವಾ!” ಎಂದು ಕೂಗಿಕೊಂಡು ಅವರ ಬೆನ್ನಿಗೆ ಎದೆಕೊಟ್ಟು ಕೂತಳು. ಗೈಡ್ ರೇಡಿಯೋ ಬಾಯಿಗಿಟ್ಟುಕೊಂಡು ಜೀಪ್ ಕರೆದ. ಇಪ್ಪತ್ತು ನಿಮಿಷ ಎಂದರು ಆ ಕಡೆಯಿಂದ.

ಅಪ್ಪ ಮಾತಾಡಲಾರದೆ ತಮ್ಮ ಹೆಗಲಿನ ಚೌಕಳಿ ಟವೆಲ್ ಎಳೆದು ನನ್ನ ಕೈಗೆ ತುರುಕಿ ನೀರಿನ ಬಾಟಲಿಯ ಕಡೆ ಬೆರಳು ಮಾಡಿದರು. ನನಗೆ ಅರ್ಥವಾಯಿತು. ಘಟ್ಟದ ಸೆಕ್ಷನ್ನಿನಲ್ಲಿ ಸುರಂಗ ಬಂದಾಗ ಇಂಜಿನ್ನಿನ ಹೊಗೆಯೆಲ್ಲ ವಾಪಸ್ ಒಳಗೇ ನುಗ್ಗುತ್ತಿತ್ತಂತೆ. ಆಗ ಟವೆಲ್ ಒದ್ದೆ ಮಾಡಿ ಮುಖಕ್ಕೆ ಕಟ್ಟಿಕೊಂಡು, ನೆಲಕ್ಕೆ ಕುಕ್ಕರಿಸಿ, ಬೆಳಕು ಕಾಣುವವರೆಗೆ ಮೆಲ್ಲಗೆ ಉಸಿರಾಡಬೇಕಂತೆ. ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹೇಳಿದ್ದ ಕಥೆ. ಟವೆಲ್ ಒದ್ದೆ ಮಾಡಿ ಕಟ್ಟಿದೆ. ಅಪ್ಪ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಎಣಿಸಿದ ಹಾಗೆ ಉಸಿರೆಳೆದುಕೊಳ್ಳತೊಡಗಿದರು. ಮಿಕ್ಕವರೂ ಅವರನ್ನು ನೋಡಿ ಕರ್ಚೀಫು ಒದ್ದೆ ಮಾಡಿಕೊಂಡು ಕುಕ್ಕರಿಸಿದರು. ಒಂಬತ್ತು ಜನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಆ ಕಪ್ಪು ಬಯಲಿನಲ್ಲಿ ಜೀಪಿಗೆ ಕಾದೆವು.

ಜೀಪಿನಲ್ಲಿ ಆಕ್ಸಿಜನ್ ಇತ್ತು. ಹಿಂದಿನ ಸೀಟಿನಲ್ಲಿ ಅಪ್ಪನನ್ನು ಒರಗಿಸಿ ನಾವಿಬ್ಬರೂ ಆಚೀಚೆ ಕೂತೆವು. ಗೈಡ್ ಗುಂಪನ್ನು ಜೀಪಿನಲ್ಲಿ ಬಂದಿದ್ದ ಇನ್ನೊಬ್ಬನಿಗೆ ಒಪ್ಪಿಸಿ ಮುಂದೆ ಕೂತ. ಸ್ವಲ್ಪ ದೂರ ಹೋದ ಮೇಲೆ ಅವನು ತಿರುಗಿ, ಬೈಯದೆ, ಹಳೆಯ ಕಾಯಿಲೆಯೇ ಎಂದು ಕೇಳಿದ. ಹೌದು ಎಂದೆ. ಮತ್ತೆ ಯಾಕೆ ಬರೆಯಲಿಲ್ಲ? ಬರೆದಿದ್ದರೆ ನೀನು ಕರೆದುಕೊಂಡು ಹೋಗುತ್ತಿರಲಿಲ್ಲವಲ್ಲ ಎಂದೆ.

ಅವನು ತಲೆಯಾಡಿಸಿದ. ಉಸಿರಿನ ತೊಂದರೆ ಇರುವವರನ್ನು ತಾನು ನಡೆಸುವುದೇ ಇಲ್ಲವಂತೆ. ಅವರಿಗಾಗಿ ಒಂದು ವ್ಯಾನು ಇದೆಯಂತೆ. ಸಮುದ್ರದ ಕಡೆಯ ರಸ್ತೆಯಲ್ಲಿ, ಗಾಳಿ ನೋಡಿಕೊಂಡು, ಬೆಂಕಿ ಇಳಿಯುವುದು ಎದುರಿಗೇ ಕಾಣುವ ಜಾಗಕ್ಕೆ ಸಂಜೆ ಕರೆದೊಯ್ಯುತ್ತಾರಂತೆ. ನಡೆಯುವವರಿಗೆ ಕಾಣುವುದಕ್ಕಿಂತ ಅವರಿಗೇ ಚೆನ್ನಾಗಿ ಕಾಣುತ್ತದಂತೆ. ಇದನ್ನು ಬ್ರೋಷರಿನಲ್ಲಿ ಯಾಕೆ ಹಾಕಿಲ್ಲ ಎಂದೆ. ಹಾಕಿದರೆ ಎಲ್ಲರಿಗೂ ಉಬ್ಬಸ ಬರುತ್ತದೆ ಎಂದ.

ಅಪ್ಪ ಕೇಳಿಸಿಕೊಳ್ಳುತ್ತಿದ್ದರು. ಜೀಪ್ ಕೆಳಗೆ ಇಳಿದು ಎರಡು ರಸ್ತೆ ಕೂಡುವಲ್ಲಿ ನಿಂತಿತು. ಎಡಕ್ಕೆ ಸಮುದ್ರ, ಬಲಕ್ಕೆ ಆಸ್ಪತ್ರೆಯಿರುವ ಊರು. ಅಪ್ಪ ಮಾಸ್ಕ್ ಎತ್ತಿ, “ಆ ಕಡೆ ಹೋಗಲ್ವೇನೋ?” ಎಂದರು.

“ಇವತ್ತು ಬೇಡಪ್ಪ.”

“ಹೂಂ” ಎಂದು ಮಾಸ್ಕ್ ಇಳಿಸಿಕೊಂಡರು. ಜೀಪ್ ಬಲಕ್ಕೆ ತಿರುಗಿತು.

ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಬೆಟ್ಟದ ಹತ್ತಿರ ಮತ್ತೆ ಸುಳಿಯಬಾರದೆಂದರು. ಎರಡನೆಯ ದಿನ ಅಪ್ಪ ಎದ್ದು ಕೂತು ಇಡ್ಲಿ ಸಿಗತ್ತಾ ಅಂತ ಕೇಳಿ ನಮ್ಮನ್ನು ನಗಿಸಿದರು. ಆಮೇಲೆ ತಾವಾಗಿಯೇ ಹೇಳಿದರು:

“ವರ್ಷಾ ವರ್ಷಾ ರೈಲ್ವೆ ಡಾಕ್ಟ್ರು ಕೇಳೋರು, ಉಸಿರು ಕಟ್ಟತ್ತೇನಯ್ಯಾ ಅಂತ. ಇಲ್ಲ ಸಾರ್ ಅಂತಿದ್ದೆ. ಹೌದು ಅಂದಿದ್ರೆ ಇಂಜಿನ್ನಿಂದ ಇಳಿಸಿ ಷೆಡ್ಡಲ್ಲಿ ಕುರ್ಚಿ ಮೇಲೆ ಕೂರಿಸೋರು. ಬೆಂಕಿ ಮುಂದೆ ನಿಂತೋನಿಗೆ ಕುರ್ಚಿ ಯಾಕೋ?”

“ಎಷ್ಟು ವರ್ಷ ಹಂಗೆ ಹೇಳಿದ್ರಿ?”

“ನೀನು ಸ್ಕೂಲಿಗೆ ಸೇರಿದಾಗಿಂದ ಅಂತ ಇಟ್ಕೊ.” ಹೊದಿಕೆ ಸರಿಮಾಡಿಕೊಂಡು, “ನಿಂದೇನ್ ತಪ್ಪಿಲ್ಲ ಬಿಡು. ನಾನೇ ಇಲ್ಲ ಅನ್ನು ಅಂದೆ” ಎಂದರು.

ನನ್ನ ತಪ್ಪಿತ್ತು. ಷೆಡ್ಡಿನಲ್ಲಿ ಪೆನ್ನು ನಿಂತದ್ದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ಆರು ತಿಂಗಳು ಮುಗಿಸಿ ಅಪ್ಪ ಮೈಸೂರಿಗೆ ಹೋದರು. ಮನೆಗೆ ಹತ್ತಿರದ ಡಲ್ಲೆಸ್ ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ಬೇಕೇ ಎಂದು ಕೇಳಿದಾಗ ಬೇಡವೇ ಬೇಡ ಎಂದು ನಡೆದೇ ಹೋದರು. ಗಾಜಿನಾಚೆ ಎರಡು ಸಲ ನಿಂತು ಸೊಂಟದ ಮೇಲೆ ಕೈಯಿಟ್ಟು ವಿಮಾನ ನೋಡಿದರು. ಮುಂದಿನ ವರ್ಷ ಮತ್ತೆ ಬರುವುದು, ಸಮುದ್ರದ ಕಡೆಯಿಂದ ಹೋಗುವುದು ಎಂದು ಮಾತಾಗಿತ್ತು. ಮುಂದಿನ ವರ್ಷ ಚಳಿಗಾಲದಲ್ಲಿ ಎದೆ ಕಟ್ಟಿಕೊಂಡಿತು, ಆಸ್ಪತ್ರೆಗೆ ಸೇರಿಸಿದರು, ಮನೆಗೆ ವಾಪಸ್ ಬರಲಿಲ್ಲ. ವೀಸಾ ಏನಾದರಾಗಲಿ ಎಂದು ನಾನು ಹೋಗಿ ಕರ್ಮಾಂತರ ಮುಗಿಸಿ ಬಂದೆ.

ಅದಾಗಿ ಎರಡು ವರ್ಷಕ್ಕೆ ನಾನೂ ಹೆಂಡತಿಯೂ ಮತ್ತೆ ಹವಾಯಿಗೆ ಹೋದೆವು. ಅದೇ ಷೆಡ್ಡು, ಅದೇ ಟೋಪಿ. ಗೈಡಿಗೆ ನಮ್ಮ ಗುರುತು ಸಿಗಲಿಲ್ಲ. ಎಷ್ಟು ಜನರನ್ನು ನೋಡಿರುತ್ತಾನೋ. ಫಾರಂ ಕೊಟ್ಟ. ನಾನು ಈ ಸಲ ಪ್ರತಿಯೊಂದು ಪ್ರಶ್ನೆಯನ್ನೂ ಓದಿದೆ. ಮೂರನೆಯದಕ್ಕೆ ಬಂದು ‘ಯೆಸ್’ ಎಂಬ ಚೌಕದಲ್ಲಿ ಗುರುತು ಹಾಕಿದೆ.

“ನಿಮಗೇನ್ರೀ ಆಗಿದೆ ಉಸಿರಿಗೆ?” ಎಂದಳು ಹೆಂಡತಿ.

“ತೊಂದರೆ ಇದೆ” ಎಂದೆ. ಅವಳು ತನ್ನ ಫಾರಮ್ಮಿನಲ್ಲೂ ಹಾಗೇ ಹಾಕಿದಳು.

ಸಂಜೆ ವ್ಯಾನು ಹೊರಟಿತು. ನಮ್ಮ ಜೊತೆ ಕೋಲು ಹಿಡಿದ ಒಬ್ಬ ಅಜ್ಜಿ ಮಾತ್ರ. ಓಡಿಸುತ್ತಿದ್ದಾಕೆ ಸಮುದ್ರದ ಪಕ್ಕದ ರಸ್ತೆಯಲ್ಲಿ ಬಹಳ ದೂರ ಹೋಗಿ ನಿಲ್ಲಿಸಿದಳು. ಇಳಿದೆವು. ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿತ್ತು, ವಾಸನೆಯಿಲ್ಲ, ಹೊಗೆಯಿಲ್ಲ. ಎದುರಿನ ಕಪ್ಪು ಇಳಿಜಾರಿನ ಮೇಲಿಂದ ಬೆಂಕಿ ಇಳಿಯುತ್ತಿತ್ತು. ಬಿಸಿಲು ಇರುವಾಗ ತಾಮ್ರದ ಬಣ್ಣಕ್ಕಿದ್ದದ್ದು ಹೊತ್ತು ಮುಳುಗುತ್ತ ಕಿತ್ತಳೆಯಾಯಿತು, ಆಮೇಲೆ ಕೆಂಪು. ಅಪ್ಪ ಇದ್ದಿದ್ದರೆ ಬಣ್ಣ ನೋಡಿಯೇ ಇನ್ನೆಷ್ಟು ದಮ್ಮಿದೆ ಎಂದು ಹೇಳುತ್ತಿದ್ದರು. ಅದಕ್ಕೆ ಯಾರೂ ಕಲ್ಲಿದ್ದಲು ಹಾಕುತ್ತಿರಲಿಲ್ಲ. ಅದರ ಪಾಡಿಗೆ ಅದು ಉರಿಯುತ್ತಿತ್ತು.

ಎಷ್ಟು ಹೊತ್ತು ನಿಂತಿದ್ದೆನೋ. ವ್ಯಾನಿನಾಕೆ ನನ್ನ ಫಾರಂ ನೋಡಿದ್ದಳೆಂದು ತೋರುತ್ತದೆ. ಹತ್ತಿರ ಬಂದು ನನ್ನ ಮುಖ ನೋಡಿ, ಉಸಿರಾಡಲು ಕಷ್ಟವಾಗುತ್ತಿದೆಯೇ ಎಂದು ಮೆಲ್ಲಗೆ ಕೇಳಿದಳು.

ಹೌದು ಎಂದೆ. ಬೆಳಿಗ್ಗೆ ಬರೆದದ್ದು ಸುಳ್ಳು. ಇದು ಸುಳ್ಳಲ್ಲ.